ಹನಿ ಬೀಳದ ಸೋರಿಕೆ

ನಮ್ಮ ಹಳೆ ಕಾರು ವಾರಕ್ಕೆ ಅರ್ಧ ಲೀಟರ್ ಕೂಲಂಟ್ (ಇಂಜಿನ್ ತಣ್ಣಗಿಡುವ ನೀರು) ಕುಡಿಯುತ್ತಿತ್ತು. ರಾತ್ರಿ ಕಾರಿನಡಿ ಹಳೆ ಪೇಪರ್ ಹಾಸಿಟ್ಟರೆ ಬೆಳಿಗ್ಗೆ ಒಂದು ಹನಿಯೂ ಇಲ್ಲ. ಹೋಸ್, ವಾಟರ್ ಪಂಪ್ ಎಲ್ಲ ಸರಿ. ಶಿರಾಡಿ ಘಾಟಿ ಹತ್ತುವಾಗ ಇಂಜಿನ್ ಬಿಸಿ ತೋರಿಸುವ ಮುಳ್ಳು ಕೆಂಪು ಮುಟ್ಟಿದ ಮೇಲೆ ಅನುಮಾನ ಗಟ್ಟಿಯಾಯಿತು. ಇಂಜಿನ್ ತಣ್ಣಗಿದ್ದಾಗ ರೇಡಿಯೇಟರ್ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿದೆ. ಅನ್ನ ಕುದಿಯುವ ಹಾಗೆ ಗುಳ್ಳೆ! ಸೈಲೆನ್ಸರಿನಿಂದ ಸಿಹಿ ವಾಸನೆಯ ಬಿಳಿ ಹೊಗೆ. ಹೆಡ್ ಗ್ಯಾಸ್ಕೆಟ್ (ಇಂಜಿನ್ನಿನ ಮೇಲ್ಭಾಗವಾದ ಹೆಡ್ಡಿಗೂ ಕೆಳಭಾಗಕ್ಕೂ ನಡುವೆ ಕೂರುವ ತೆಳು ಹಾಳೆ) ಹೋಗಿದೆ, ಇನ್ನೇನು. (ಬಿಸಿ ಇದ್ದಾಗ ಆ ಮುಚ್ಚಳ ಮುಟ್ಟಬೇಡಿ ಮಾರಾಯ್ರೆ, ಮುಖ ಬೇಯುತ್ತೆ.) ಆಯಿಲ್ ಮುಚ್ಚಳದಡಿ ಕಾಫಿ ನೊರೆಯಂಥ ಜಿಡ್ಡು ಇರಲಿಲ್ಲ, ನೀರು ಆಯಿಲಿಗೆ ಬೆರೆತಿಲ್ಲ, ಪುಣ್ಯ.

ಎರಡು ಭಾನುವಾರ ಶೆಡ್ಡಿನಲ್ಲೇ ಕಳೆದೆ. ಬಿಚ್ಚಿದ ನಟ್ಟು ಬೋಲ್ಟನ್ನೆಲ್ಲ ಇಡ್ಲಿ ತಟ್ಟೆಯಲ್ಲಿ ಜೋಡಿಸಿ ಬೈಸಿಕೊಂಡೆ. ಹೆಡ್ ಎತ್ತಿದರೆ ಮೂರು ಪಿಸ್ಟನ್ ಮಸಿ ಬಣ್ಣ, ಒಂದು ಮಾತ್ರ ತೊಳೆದಿಟ್ಟ ಹಾಗೆ ಫಳಫಳ. ನೀರು ಅಲ್ಲೇ ಹೋಗಿ ಆವಿಯಾಗುತ್ತಿತ್ತು. ಗ್ಯಾಸ್ಕೆಟ್ ಮೇಲೆ ಆ ಸಿಲಿಂಡರಿನಿಂದ ನೀರಿನ ತೂತಿನ ತನಕ ಉಗುರಗಲದ ಕಪ್ಪು ಗೆರೆ. ಅಷ್ಟೇ. ಹೊರಗೆ ಹನಿ ಬೀಳದೆ ಒಳಗೇ ಸುಟ್ಟುಕೊಳ್ಳುವ ಅಭ್ಯಾಸ ನಮ್ಮಮ್ಮನಿಗೂ ಇತ್ತು, ಯಾಕೋ ನೆನಪಾಯಿತು.

ಹೆಡ್ ಸೊಟ್ಟಗಾಗಿದೆಯಾ ಎಂದು ನೇರ ಪಟ್ಟಿ ಇಟ್ಟು ಸಂದಿಗೆ 0.05 ಮಿ.ಮೀ. ಫೀಲರ್ ಗೇಜ್ (ಸಂದಿ ಅಳೆಯುವ ತೆಳು ತಗಡು) ತೂರಿಸಲು ನೋಡಿದೆ. ತೂರಲಿಲ್ಲ, ಬಚಾವ್. ಹೊಸ ಗ್ಯಾಸ್ಕೆಟ್ ಕೂರಿಸಿ, ಹೊಸ ಹೆಡ್ ಬೋಲ್ಟುಗಳನ್ನು ನಡುವಿನಿಂದ ಹೊರಕ್ಕೆ, ಹಂತಹಂತವಾಗಿ, ಬಿಗಿ ಎಷ್ಟೆಂದು ಅಳೆಯುವ ಟಾರ್ಕ್ ರೆಂಚಿನಲ್ಲಿ ಬಿಗಿದೆ. ಕೊನೆಗೆ 90 ಡಿಗ್ರಿ ತಿರುವು. 'ಇನ್ನೂ ಸ್ವಲ್ಪ' ಅನ್ನುವ ಕೈಯನ್ನು ತಡೆಯುವುದೇ ಕಷ್ಟ.

ಮೂರು ವಾರ ಆಯಿತು. ದಿನಾ ಬಾನೆಟ್ ಎತ್ತಿ ಕೂಲಂಟ್ ಟ್ಯಾಂಕಿನ ಗೆರೆ ನೋಡುತ್ತೇನೆ. ಇಡ್ಲಿ ತಟ್ಟೆ ಮಾತ್ರ ಇನ್ನೂ ಅಡುಗೆಮನೆಗೆ ವಾಪಸ್ ಹೋಗಿಲ್ಲ.