ಮಕ್ಕಳ ನರವೈದ್ಯರು ದೊಡ್ಡವರ ಪಾಠವನ್ನೂ ಓದಬೇಕು

ಅಮೆರಿಕದಲ್ಲಿ ಮಕ್ಕಳ ನರರೋಗ ತರಬೇತಿ ಮುಗಿಸಿ, ಅಪಸ್ಮಾರದ (ಮತ್ತೆ ಮತ್ತೆ ಫಿಟ್ಸ್ ಬರುವ ಕಾಯಿಲೆ) ಬೋರ್ಡ್ ಪರೀಕ್ಷೆಗೆ, ಅಂದರೆ ತಜ್ಞರೆಂಬ ಪ್ರಮಾಣಪತ್ರ ಕೊಡುವ ಪರೀಕ್ಷೆಗೆ, ಕೂರಲು ತಯಾರಾಗುತ್ತಿರುವ ಕಿರಿಯ ವೈದ್ಯರು ನನಗೆ ಆಗಾಗ ಫೋನ್ ಮಾಡುತ್ತಾರೆ. ಹೆಚ್ಚಿನವರು ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳಲ್ಲಿ ಎಂ.ಬಿ.ಬಿ.ಎಸ್. ಓದಿ ಬಂದವರು. 'ಮೇಡಂ, ಯಾವ ಪುಸ್ತಕ ಹಿಡಿಯಲಿ?' ಎಂಬುದೇ ಅವರ ಮೊದಲ ಪ್ರಶ್ನೆ. ಪುಸ್ತಕದ ಹೆಸರಿಗಿಂತ ಮೊದಲು ನಾನು ಹೇಳುವ ಮಾತು ಒಂದಿದೆ: ಮಕ್ಕಳ ಅಧ್ಯಾಯಗಳನ್ನು ಕೊನೆಗೆ ಇಟ್ಟುಕೊಳ್ಳಿ, ದೊಡ್ಡವರ ಅಪಸ್ಮಾರದಿಂದ ಶುರು ಮಾಡಿ.

ಈ ದಾರಿ ಎಷ್ಟು ಉದ್ದ ಎಂಬುದು ಹೊಸಬರಿಗೆ ಗೊತ್ತಿರಲಿ. ಮೊದಲು ಎರಡು ವರ್ಷ ಮಕ್ಕಳ ವೈದ್ಯಕೀಯ, ಆಮೇಲೆ ಮೂರು ವರ್ಷ ನರರೋಗ ವಿಭಾಗ. ಆ ಮೂರರಲ್ಲಿ ಒಂದು ವರ್ಷ ಪೂರ್ತಿ ವಯಸ್ಕ ರೋಗಿಗಳ ನಡುವೆ ಕಳೆಯಬೇಕು. ಊರಿನಲ್ಲಿ ಎಂ.ಡಿ. ಮಾಡಿ ಬಂದವರೂ ಸಾಮಾನ್ಯವಾಗಿ ಮತ್ತೆ ಮೊದಲಿನಿಂದಲೇ ರೆಸಿಡೆನ್ಸಿ (ಆಸ್ಪತ್ರೆಯಲ್ಲಿ ಪಡೆಯುವ ತಜ್ಞ ತರಬೇತಿ) ಮಾಡಬೇಕಾಗುತ್ತದೆ. ಅಮೆರಿಕನ್ ಬೋರ್ಡ್ ಆಫ್ ಸೈಕಿಯಾಟ್ರಿ ಅಂಡ್ ನ್ಯೂರಾಲಜಿ ನಡೆಸುವ ಮಕ್ಕಳ ನರರೋಗ ಪರೀಕ್ಷೆ ಪಾಸಾದ ಮೇಲೆಯೇ ಅಪಸ್ಮಾರದಂತಹ ಉಪವಿಭಾಗದ ಪರೀಕ್ಷೆಗೆ ಅರ್ಹತೆ. ಅಪಸ್ಮಾರಕ್ಕೆ ಮತ್ತೊಂದು ವರ್ಷದ ಫೆಲೋಶಿಪ್ (ವಿಶೇಷ ತರಬೇತಿ) ಬೇಕು. 1934ರಲ್ಲಿ ಹುಟ್ಟಿದ ಈ ಮಂಡಳಿ ಅಪಸ್ಮಾರಕ್ಕೆಂದೇ ಬೇರೆ ಪ್ರಮಾಣಪತ್ರ ಕೊಡಲು ತೊಡಗಿದ್ದು 2013ರಲ್ಲಿ. ಅದಕ್ಕೂ ಮೊದಲು ಇಇಜಿ (ಮಿದುಳಿನ ವಿದ್ಯುತ್ ಅಲೆಗಳ ದಾಖಲೆ) ಕಡೆ ಒಲವಿದ್ದವರು ಕ್ಲಿನಿಕಲ್ ನ್ಯೂರೋಫಿಸಿಯಾಲಜಿ (ಮಿದುಳು, ನರಗಳ ವಿದ್ಯುತ್ ಚಟುವಟಿಕೆಯನ್ನು ಅಳೆಯುವ ವಿಭಾಗ) ಪರೀಕ್ಷೆ ಬರೆಯುತ್ತಿದ್ದರು. ಈಗಲೂ ಅದು ಇದೆ.

ಮಕ್ಕಳ ಅಪಸ್ಮಾರಕ್ಕೆ ಬೇರೆ, ವಯಸ್ಕರದ್ದಕ್ಕೆ ಬೇರೆ ಎಂದು ಎರಡು ಪರೀಕ್ಷೆಗಳಿಲ್ಲ. ನವಜಾತ ಶಿಶುವಿನ ಫಿಟ್ಸ್‌ನಿಂದ ಹಿಡಿದು ಎಂಬತ್ತರ ಅಜ್ಜಿಗೆ ಪಾರ್ಶ್ವವಾಯುವಿನ ನಂತರ ಬರುವ ಫಿಟ್ಸ್‌ವರೆಗೆ ಎಲ್ಲವೂ ಒಂದೇ ಪ್ರಶ್ನೆಪತ್ರಿಕೆಯ ವ್ಯಾಪ್ತಿಗೆ ಸೇರಿದ್ದು. ಪ್ರಶ್ನೆಗಳನ್ನು ಹೊರಗೆ ಹೇಳುವಂತಿಲ್ಲ, ಹೇಳಬಾರದು. ಆದರೆ ಯಾವ ಯಾವ ವಿಷಯ ಎಂಬ ಪಟ್ಟಿಯನ್ನು ಮಂಡಳಿಯೇ ಪ್ರಕಟಿಸುತ್ತದೆ. ಮೊದಲು ಅದನ್ನು ಮುದ್ರಿಸಿ ಗೋಡೆಗೆ ಅಂಟಿಸಿಕೊಳ್ಳಿ ಎನ್ನುತ್ತೇನೆ.

ಇದನ್ನು ಬರೀ ಅಂಕಗಳಿಗಾಗಿ ಹೇಳುತ್ತಿಲ್ಲ. ನಮ್ಮ ಹೊರರೋಗಿ ವಿಭಾಗಕ್ಕೆ ಬರುವ ಒಂದು ಬಗೆಯ ಹುಡುಗಿಯನ್ನು ನೆನೆಸಿಕೊಳ್ಳಿ. ವಯಸ್ಸು ಹದಿನಾರು. ಬೆಳಿಗ್ಗೆ ಎದ್ದ ಕೂಡಲೇ ಕೈ ಜಗ್ಗಿದಂತಾಗಿ ಹಲ್ಲುಜ್ಜುವ ಬ್ರಷ್ ಸಿಂಕಿಗೆ ಹಾರುತ್ತದೆ, ಲೋಟದಿಂದ ಹಾಲು ಚೆಲ್ಲುತ್ತದೆ. ಅಮ್ಮ ಅದನ್ನು ಅಜಾಗರೂಕತೆ ಎಂದು ಗದರಿಸಿರುತ್ತಾರೆ. ರಾತ್ರಿಯೆಲ್ಲ ನಿದ್ದೆಗೆಟ್ಟು ಪರೀಕ್ಷೆಗೆ ಓದಿದ ಮರುದಿನ ಮೊದಲ ದೊಡ್ಡ ಫಿಟ್ಸ್ ಬರುತ್ತದೆ. ಇಇಜಿಯಲ್ಲಿ ಮಿದುಳಿನ ಎರಡೂ ಬದಿಯಲ್ಲಿ ಒಟ್ಟಿಗೆ ಸೆಕೆಂಡಿಗೆ ನಾಲ್ಕರಿಂದ ಆರರಂತೆ ಚೂಪು ಅಲೆಗಳ ಗೊಂಚಲು. ಇದು ಜುವೆನೈಲ್ ಮಯೋಕ್ಲೋನಿಕ್ ಎಪಿಲೆಪ್ಸಿ, ಅಂದರೆ ಹರೆಯದಲ್ಲಿ ಕೈಕಾಲು ಜಗ್ಗುವ ಬಗೆಯ ಅಪಸ್ಮಾರ, ಎಂದು ಮಕ್ಕಳ ವೈದ್ಯರು ಸುಲಭವಾಗಿ ಗುರುತಿಸಬಲ್ಲರು. ವಾಲ್ಪ್ರೋಯೇಟ್ ಎಂಬ ಔಷಧ ಕೊಟ್ಟರೆ ಫಿಟ್ಸ್ ಚೆನ್ನಾಗಿ ಹತೋಟಿಗೆ ಬರುತ್ತದೆ ಎಂಬುದೂ ಅವರಿಗೆ ಗೊತ್ತು.

ನಿಜವಾದ ಕೆಲಸ ಶುರುವಾಗುವುದೇ ಅಲ್ಲಿಂದ. ಈ ಬಗೆಯ ಅಪಸ್ಮಾರಕ್ಕೆ ಬಹುಪಾಲು ಜನರು ವರ್ಷಾನುಗಟ್ಟಲೆ, ಎಷ್ಟೋ ಸಲ ಬದುಕಿಡೀ, ಔಷಧ ತೆಗೆದುಕೊಳ್ಳಬೇಕಾಗುತ್ತದೆ. ಈ ಹುಡುಗಿ ಮುಂದೊಂದು ದಿನ ಗರ್ಭಿಣಿಯಾಗಬಹುದು, ಅದೂ ಯೋಜಿಸದೆಯೇ. ಗರ್ಭದಲ್ಲಿರುವ ಮಗುವಿನ ಬೆನ್ನುಹುರಿಯ ದೋಷ, ಬೇರೆ ಅಂಗವೈಕಲ್ಯಗಳು, ಮುಂದೆ ಬುದ್ಧಿಶಕ್ತಿಯ ಕೊರತೆ, ಇವೆಲ್ಲಕ್ಕೂ ವಾಲ್ಪ್ರೋಯೇಟ್ ಕಾರಣವಾಗಬಲ್ಲದು. ಪ್ರಮಾಣ ಹೆಚ್ಚಿದಷ್ಟೂ ಅಪಾಯ ಹೆಚ್ಚು. ಲ್ಯಾಮೋಟ್ರಿಜಿನ್ ಎಂಬ ಇನ್ನೊಂದು ಔಷಧಕ್ಕೆ ಬದಲಿಸೋಣ ಎಂದರೆ, ಈಸ್ಟ್ರೋಜೆನ್ ಇರುವ ಗರ್ಭನಿರೋಧಕ ಮಾತ್ರೆ ರಕ್ತದಲ್ಲಿ ಅದರ ಮಟ್ಟವನ್ನು ಇಳಿಸುತ್ತದೆ. ಗರ್ಭಿಣಿಯಾದಾಗ ಇನ್ನಷ್ಟು ಇಳಿಯುತ್ತದೆ, ಆಗ ಡೋಸ್ ಏರಿಸಬೇಕು. ಹೆರಿಗೆಯಾದ ಕೆಲವೇ ದಿನಗಳಲ್ಲಿ ಮಟ್ಟ ಮತ್ತೆ ಏರುತ್ತದೆ, ಏರಿಸಿದ್ದನ್ನು ಆಗ ಇಳಿಸದಿದ್ದರೆ ಬಾಣಂತಿ ತಲೆಸುತ್ತಿ ಮಗುವನ್ನು ಎತ್ತಿಕೊಳ್ಳಲಾರಳು. ಇವೆಲ್ಲ 'ದೊಡ್ಡವರ' ಅಧ್ಯಾಯಗಳಲ್ಲಿ ಇರುವ ಮಾತುಗಳು. ಆದರೆ ಮೊದಲ ಚೀಟಿ ಬರೆಯುವ ಕೈ ನಮ್ಮದು. ಹದಿನಾರರಲ್ಲಿ ನಾವು ಆರಿಸಿದ ಔಷಧವೇ ಇಪ್ಪತ್ತಾರರಲ್ಲಿ ಅವಳ ಹೊಟ್ಟೆಯಲ್ಲಿರುವ ಮಗುವನ್ನು ತಲುಪುತ್ತದೆ.

ಇಇಜಿಯಲ್ಲೂ ಇದೇ ಕಥೆ. ಜೋಂಪು ಹತ್ತುತ್ತಿರುವ ಮಗುವಿನಲ್ಲಿ ಒಮ್ಮೆಲೇ ಎದ್ದುಬರುವ ಎತ್ತರದ ನಿಧಾನ ಅಲೆಗಳನ್ನು ಕಂಡು ನಾವು ಗಾಬರಿಯಾಗುವುದಿಲ್ಲ, ಅದು ಸಹಜ ಎಂದು ಕಣ್ಣಿಗೆ ರೂಢಿಯಾಗಿದೆ. ವಯಸ್ಕರ ಇಇಜಿ ಓದುವವರಿಗೆ ಅದೇ ಅಲೆ ರೋಗದಂತೆ ಕಾಣಬಹುದು. ಹಾಗೆಯೇ ಕಿವಿಯ ಮೇಲ್ಭಾಗದಲ್ಲಿ ಕಾಣುವ ವಿಕೆಟ್ ಎಂಬ ನಿರಪಾಯ ಅಲೆಗಳು ವಯಸ್ಕರಲ್ಲೇ ಹೆಚ್ಚು. ಮಕ್ಕಳನ್ನಷ್ಟೇ ನೋಡಿದವರು ಅವುಗಳನ್ನು ಅಪಸ್ಮಾರವೆಂದು ಬರೆದುಬಿಡುವ ಅಪಾಯವಿದೆ. ಅತಿಯಾಗಿ ಓದಿದ ಒಂದು ಇಇಜಿಯಿಂದ ಇಲ್ಲದ ರೋಗಕ್ಕೆ ವರ್ಷಗಟ್ಟಲೆ ಮಾತ್ರೆ ನುಂಗಿದವರು ನಿಜವಾಗಿಯೂ ಇದ್ದಾರೆ, ಅವರ ಡ್ರೈವಿಂಗ್ ಲೈಸೆನ್ಸ್, ನೌಕರಿ ಎಲ್ಲಕ್ಕೂ ಪೆಟ್ಟು ಬಿದ್ದಿರುತ್ತದೆ. ಆದ್ದರಿಂದ ಫೆಲೋಶಿಪ್ ಸಮಯದಲ್ಲಿ ಬೆಳಗಿನ ಇಇಜಿ ಓದಿಗೆ ಕುಳಿತಾಗ ಹಿರಿಯರು ಬಾಯಿ ತೆರೆಯುವ ಮೊದಲೇ ನಿಮ್ಮ ತೀರ್ಮಾನವನ್ನು ಕಾಗದದ ಮೇಲೆ ಬರೆಯಿರಿ. ವಯಸ್ಕರ ವಿಭಾಗದ ಓದಿಗೂ ಕೇಳಿಕೊಂಡು ಹೋಗಿ ಕುಳಿತುಕೊಳ್ಳಿ. ಯಾವ ಪ್ರಶ್ನೆ ಸಂಗ್ರಹವೂ ಇದರಷ್ಟು ಕಲಿಸುವುದಿಲ್ಲ.

ಶಸ್ತ್ರಚಿಕಿತ್ಸೆಯ ಅಧ್ಯಾಯದಲ್ಲಿ ಎರಡು ಅಧ್ಯಯನಗಳನ್ನು ಜೋಡಿಯಾಗಿ ಓದಬೇಕು. ಕೆನಡಾದಲ್ಲಿ ನಡೆದು 2001ರಲ್ಲಿ ಪ್ರಕಟವಾದದ್ದು ಟೆಂಪೊರಲ್ ಲೋಬ್ (ಮಿದುಳಿನಲ್ಲಿ ಕಿವಿಯ ಪಕ್ಕದ ಭಾಗ) ಅಪಸ್ಮಾರವಿದ್ದ ವಯಸ್ಕರ ಬಗ್ಗೆ: ಒಂದು ವರ್ಷದ ನಂತರ ಪ್ರಜ್ಞೆ ಕೆಡಿಸುವ ಫಿಟ್ಸ್‌ನಿಂದ ಮುಕ್ತರಾದವರು ಶಸ್ತ್ರಚಿಕಿತ್ಸೆಯ ಗುಂಪಿನಲ್ಲಿ ಶೇಕಡಾ 58, ಔಷಧದ ಗುಂಪಿನಲ್ಲಿ ಶೇಕಡಾ 8. ಮಕ್ಕಳಲ್ಲೂ ಇದು ನಿಜವೇ ಎಂಬ ಪ್ರಶ್ನೆಗೆ ಉತ್ತರ ಕೊಟ್ಟದ್ದು ದೆಹಲಿಯ ಏಮ್ಸ್, 2017ರಲ್ಲಿ: ಶಸ್ತ್ರಚಿಕಿತ್ಸೆಯ ಗುಂಪಿನಲ್ಲಿ ಶೇಕಡಾ 77, ಔಷಧದ ಗುಂಪಿನಲ್ಲಿ ಶೇಕಡಾ 7. ಅಮೆರಿಕದ ಸಭೆಗಳಲ್ಲಿ ಈ ಎರಡನೆಯ ಅಂಕಿ ತೆರೆಯ ಮೇಲೆ ಬಂದಾಗಲೆಲ್ಲ ನನ್ನ ಎದೆ ಉಬ್ಬುತ್ತದೆ.

ಎದೆ ಉಬ್ಬಿಸುವ ಇನ್ನೊಂದು ಪುಟ ನಮ್ಮ ನೆಲದ್ದೇ. ತಲೆಗೆ ಚೊಂಬು ಚೊಂಬು ಬಿಸಿನೀರು ಹೊಯ್ದು ಸ್ನಾನ ಮಾಡುವಾಗ ಬರುವ ಫಿಟ್ಸ್ ದಕ್ಷಿಣ ಭಾರತದಲ್ಲಿ, ಅದರಲ್ಲೂ ಕರ್ನಾಟಕದಲ್ಲಿ, ಹೆಚ್ಚು. ನಿಮ್ಹಾನ್ಸ್ ವೈದ್ಯರು 1988ರಲ್ಲಿ 279 ರೋಗಿಗಳ ವಿವರ ಪ್ರಕಟಿಸಿದರು. ಅದು ಮಕ್ಕಳಲ್ಲೂ ಕಾಣುತ್ತದೆ, ದೊಡ್ಡವರಲ್ಲೂ ಕಾಣುತ್ತದೆ. ನೀರಿನ ಬಿಸಿ ಇಳಿಸುವುದೇ ಎಷ್ಟೋ ಜನರಿಗೆ ಮೊದಲ ಚಿಕಿತ್ಸೆ, ಕೆಲವರಿಗೆ ಸ್ನಾನಕ್ಕೆ ಮುನ್ನ ಕ್ಲೋಬಜಾಮ್ ಎಂಬ ಫಿಟ್ಸ್ ತಡೆಯುವ ಮಾತ್ರೆ ಕೊಡುತ್ತಾರೆ. ಅಮೆರಿಕಕ್ಕೆ ಬರುವ ಕನ್ನಡದ ಕುಟುಂಬಗಳಿಗೆ 'ತಲೆಗೆ ನೀರು ಹೇಗೆ ಹೊಯ್ದುಕೊಳ್ಳುತ್ತೀರಿ?' ಎಂದು ಕೇಳಲು ನಮಗೆ ತೋಚಿದಷ್ಟು ಸಹಜವಾಗಿ ಬೇರೆಯವರಿಗೆ ತೋಚುವುದಿಲ್ಲ, ಆದ್ದರಿಂದ ನಾವು ಕೇಳಲೇಬೇಕು.

ಪಾಸಾದ ಮೇಲೆ ಹತ್ತು ವರ್ಷಕ್ಕೊಮ್ಮೆ ಮತ್ತೆ ದೊಡ್ಡ ಪರೀಕ್ಷೆ ಬರೆಯುವ ಪದ್ಧತಿ ಇತ್ತು. ಈಗ ಅದರ ಬದಲು ಮೂರು ವರ್ಷದ ಸುತ್ತಿನಲ್ಲಿ ವೈದ್ಯಕೀಯ ಲೇಖನಗಳನ್ನು ಓದಿ ಕಿರುಪರೀಕ್ಷೆ ಬರೆಯುವ ದಾರಿಯೂ ಇದೆ. ಲೇಖನಗಳನ್ನು ಒಂದಷ್ಟು ಮಟ್ಟಿಗೆ ನಾವೇ ಆರಿಸಿಕೊಳ್ಳಬಹುದು. ನಾನು ಗರ್ಭಧಾರಣೆ ಮತ್ತು ವೃದ್ಧರ ಫಿಟ್ಸ್ ಕುರಿತ ಲೇಖನಗಳನ್ನು ಮೊದಲು ಎತ್ತಿಕೊಳ್ಳುತ್ತೇನೆ. ನವಜಾತ ಶಿಶುಗಳ ಬಗ್ಗೆ ಹೇಗೂ ದಿನವೂ ಓದುತ್ತಿರುತ್ತೇನೆ.