ಬೆಸುಗೆ ಹರಡುವ ಆ ಕ್ಷಣ

ಮೊದಲ ರೇಸಿಂಗ್ ಡ್ರೋನ್‌ನ ವೈರಿಂಗ್ ಇವತ್ತು ಮುಗೀತು. ಮೋಟಾರ್ ವೈರುಗಳದ್ದು ಸಲೀಸು. ತಿರುಗೋ ದಿಕ್ಕು ಉಲ್ಟಾ ಆದ್ರೆ ಮೂರರಲ್ಲಿ ಯಾವ ಎರಡನ್ನಾದ್ರೂ ಅದಲುಬದಲು ಮಾಡಿದರಾಯ್ತು.

ತಾಳ್ಮೆ ಬೇಡಿದ್ದು ಬ್ಯಾಟರಿಯ ದಪ್ಪ ವೈರುಗಳು, ಅದರಲ್ಲೂ ನೆಗೆಟಿವ್ ಪ್ಯಾಡ್, ಅಂದ್ರೆ ಬೋರ್ಡಿನ ಮೇಲೆ ಆ ವೈರು ಬೆಸೆಯೋ ಲೋಹದ ಜಾಗ. ಬೋರ್ಡಿನೊಳಗಿನ ಅಗಲವಾದ ತಾಮ್ರದ ಪದರಕ್ಕೆ ಸೇರಿಕೊಂಡಿರೋದ್ರಿಂದ ಕೊಟ್ಟ ಬಿಸಿಯನ್ನೆಲ್ಲ ಎಳೆದುಕೊಂಡುಬಿಡುತ್ತೆ. 63/37 ಸೋಲ್ಡರ್ (63 ಪಾಲು ತವರ, 37 ಪಾಲು ಸೀಸ ಇರೋ ಬೆಸುಗೆ ಲೋಹ) 183 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತೆ ನಿಜ, ಆದ್ರೆ ಬೆಸುಗೆ ಹಾಕೋ ಐರನ್‌ನ ತುದಿಯಲ್ಲಿ ಕರಗಿದ್ರೆ ಸಾಲದು, ಪ್ಯಾಡೇ ಅಷ್ಟು ಕಾಯಬೇಕು. ಅಗಲ ತುದಿ ಹಾಕಿ, ಬೆಸುಗೆ ಚೆನ್ನಾಗಿ ಹರಡೋಕೆ ನೆರವಾಗೋ ಫ್ಲಕ್ಸ್ ಸವರಿ, ಎರಡೂ ಕಡೆ ಮೊದಲೇ ಸೋಲ್ಡರ್ ಹಿಡಿಸಿ ಕಾಯ್ತಾ ಇದ್ರೆ, ಮಂಕಾಗಿ ಕೂತಿದ್ದ ಉಂಡೆ ಇದ್ದಕ್ಕಿದ್ದಂತೆ ಹೊಳೆದು ವೈರಿನ ಎಳೆಎಳೆಯೊಳಗೂ ಇಳಿಯುತ್ತೆ. ಅದನ್ನ ನೋಡೋದೇ ಒಂದು ಖುಷಿ!

ಪೂರ್ತಿ ಥ್ರಾಟಲ್‌ನಲ್ಲಿ ನೂರು ಆಂಪಿಯರ್ ದಾಟಬಹುದಾದ ಕರೆಂಟ್ ಹರಿಯೋದು ಇಷ್ಟೇ ಇಷ್ಟು ಲೋಹದಲ್ಲಿ. ಮನೆಯ ರೇಡಿಯೋ, ಟಿವಿ ಒಳಗೂ ಯಾರೋ ಹೀಗೇ ಉಸಿರು ಬಿಗಿಹಿಡಿದು ಹಾಕಿದ ಬೆಸುಗೆ ಇದ್ದೀತು ಅನ್ನಿಸ್ತು.

ಬ್ಯಾಟರಿ ಪ್ಯಾಡುಗಳಿಗೆ ಕೆಪಾಸಿಟರ್ ಕೂಡ ಕೂರಿಸಿದೆ, ವೋಲ್ಟೇಜ್ ಏರುಪೇರನ್ನ ಅದು ತಡೆಯುತ್ತೆ. ಮಲ್ಟಿಮೀಟರ್‌ನಲ್ಲಿ ಶಾರ್ಟ್ ಇಲ್ಲ. ನಾಳೆ ಪ್ರೊಪೆಲ್ಲರ್ ಹಾಕದೆ, ಸ್ಮೋಕ್ ಸ್ಟಾಪರ್ (ಎಲ್ಲಾದ್ರೂ ಶಾರ್ಟ್ ಇದ್ರೆ ಬೋರ್ಡ್ ಸುಡದಂತೆ ಕರೆಂಟನ್ನ ತಡೆಯೋ ಸಾಧನ) ಮೂಲಕ ಮೊದಲ ಸಲ ಪವರ್ ಕೊಡ್ತೀನಿ.