ಎಡಗೈಗೂ ಒಂದು ಹಾಡು

ಪಿಯಾನೊದಲ್ಲಿ ಈಗ ಕಲಿಯುತ್ತಿರುವುದು ಜಿ ಮೇಜರ್‌ನ ಪುಟ್ಟ ಮಿನುಯೆಟ್, ಅಂದರೆ ಯುರೋಪಿನ ಹಳೆಯ ನೃತ್ಯದ ಧಾಟಿ. ಬರೀ 32 ಬಾರ್ (ನಮ್ಮ ತಾಳದ ಆವರ್ತನದ ಹಾಗೆ). ಜರ್ಮನ್ ಸಂಗೀತಗಾರ ಬಾಖ್‌ನ ಹೆಂಡತಿ ಆನ್ನಾ ಮಗ್ದಲೇನಾಳ 1725ರ ನೋಟ್‌ಬುಕ್‌ನಲ್ಲಿದೆ. ಬಹಳ ಕಾಲ ಬಾಖ್‌ನದೇ ಅಂದುಕೊಂಡಿದ್ದರು. ಆದರೆ ಬರೆದವನು ಅದೇ ಕಾಲದ ಇನ್ನೊಬ್ಬ ಸಂಗೀತಗಾರ, ಕ್ರಿಶ್ಚಿಯನ್ ಪೆಟ್ಸೋಲ್ಡ್. ಅವನ ಹೆಸರು ಹೇಳಿಯೇ ನುಡಿಸಬೇಕು ಅನ್ನಿಸುತ್ತೆ.

ಬೆಳಗಾವಿಯಲ್ಲಿ ಭಜನೆಯ ಪೇಟಿ (ಹಾರ್ಮೋನಿಯಂ) ಕೇಳಿ ಬೆಳೆದ ಕಿವಿ ನನ್ನದು. ಅದಕ್ಕೇ ಜಿ ಸ್ವರವನ್ನೇ ಸಾ ಅಂತ ಹಿಡಿದೆ. ಮೊದಲ ಸಾಲು ತಾನಾಗೇ ಬಾಯಿಗೆ ಬಂತು: ಪ, ಸಾ ರೆ ಗ ಮ, ಪ, ಸಾ, ಸಾ. ಎಲ್ಲವೂ ಹಿಂದೂಸ್ತಾನಿಯ ಬಿಲಾವಲ್ ಥಾಟಿನ (ಸ್ವರಗಳ ಗುಂಪಿನ) ಶುದ್ಧ ಸ್ವರ. ಎಷ್ಟು ಹತ್ತಿರದ್ದು ಅಲ್ವಾ!

ಎಡಗೈ ಮಾತ್ರ ಹೊಸ ಲೋಕಕ್ಕೆ ಬಂದಿದೆ. ಪೇಟಿಯಲ್ಲಿ ಅದು ಗಾಳಿ ಹಾಕುತ್ತೆ, ಹಾಡೋದೆಲ್ಲ ಬಲಗೈ. ಇಲ್ಲಿ ಎಡಗೈಗೂ ತನ್ನದೇ ಸಾಲು. ಬಲಗೈ ಸಾ ರೆ ಅಂತ ಓಟ ಶುರು ಮಾಡುವಾಗ, ಎಡಗೈ ಒತ್ತಿದ ಕೀ ಬಿಡದೆ ಕಾಯಬೇಕು. ಕೆಳಗಿನ ಆ ಸ್ವರ ಇಲ್ಲದಿದ್ದರೆ ಮೇಲಿನ ಓಟಕ್ಕೆ ನೆಲೆಯೇ ಇಲ್ಲ.

ಅಡಿಗೆಮನೆಯಲ್ಲಿ ಅವ್ವ ಗುನುಗುತ್ತಿದ್ದ ಪದಗಳು ಯಾಕೋ ನೆನಪಾದವು. ನಾವು ಯಾರೂ ಎದುರು ಕೂತು ಕೇಳಲಿಲ್ಲ.

ಎರಡೂ ಕೈ ಸೇರಿಸಿ ಮೊದಲ 8 ಬಾರ್ ಬಂದಿದೆ. ಇವತ್ತು ಸಂಜೆ ಮುಂದಿನ ಸಾಲು.